ಪೇಟೆಂಟ್ ವೃತ್ತಿಗೆ ಎಷ್ಟು ವಿಜ್ಞಾನ ಬೇಕು?

ಪೇಟೆಂಟ್ ವೃತ್ತಿಯನ್ನು ಬಯಸುವ ತರುಣರ ಮೊದಲ ಪ್ರಶ್ನೆ, ವಿಜ್ಞಾನದ ಓದನ್ನು ಎಲ್ಲಿಗೆ ನಿಲ್ಲಿಸಬೇಕೆಂಬುದು. 1970ರ ಪೇಟೆಂಟ್ ಕಾಯಿದೆಯಂತೆ, 21 ವರ್ಷ ತುಂಬಿದ ಭಾರತೀಯ ಪ್ರಜೆಯು ವಿಜ್ಞಾನ, ಇಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಪಡೆದು ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಪೇಟೆಂಟ್ ಏಜೆಂಟನಾಗಬಹುದು. ಕಾನೂನು ಪದವಿ ಕಡ್ಡಾಯವಲ್ಲ.

ಆದರೆ ಅರ್ಹತೆ ಬೇರೆ, ಸಾಮರ್ಥ್ಯ ಬೇರೆ. ಹಳೆಯ ಔಷಧದ ಹೊಸ ರೂಪವು ಗುಣಕಾರಿ ಶಕ್ತಿಯನ್ನು ಹೆಚ್ಚಿಸದಿದ್ದರೆ ಅದಕ್ಕೆ ಪೇಟೆಂಟ್ ಸಲ್ಲದು. ಈ ಆಧಾರದ ಮೇಲೆಯೇ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ, ರಕ್ತದ ಕ್ಯಾನ್ಸರಿನ ಔಷಧ ಗ್ಲಿವೆಕ್‌ನ ಸ್ಫಟಿಕರೂಪಕ್ಕೆ ಪೇಟೆಂಟ್ ನಿರಾಕರಿಸಿತು. ಇಂತಹ ವಾದವನ್ನು ತೂಗಲು ರಸಾಯನಶಾಸ್ತ್ರದ ಆಳವಾದ ಪರಿಚಯ ಬೇಕು.

ಆದುದರಿಂದ ಔಷಧ ಕ್ಷೇತ್ರವನ್ನು ಆರಿಸುವವರಿಗೆ ಸ್ನಾತಕೋತ್ತರ ಪದವಿ ಅಥವಾ ಪಿಎಚ್.ಡಿ. ಹಿತಕರ; ಯಂತ್ರಗಳ ಕ್ಷೇತ್ರಕ್ಕೆ ಇಂಜಿನಿಯರಿಂಗ್ ಪದವಿಯೇ ಹಲವೊಮ್ಮೆ ಸಾಕು. ಆರಿಸುವಾಗ ನೆನಪಿರಲಿ: ಪೇಟೆಂಟಿನ ನಿರ್ಣಯ ರೋಗಿಯು ತೆರುವ ಬೆಲೆಯನ್ನೂ ಮುಟ್ಟುತ್ತದೆ.