ಹೋರಿ ಜಗ್ಗಿದರೂ ಅಲುಗದ ಜೀನು

ಕೌಬಾಯ್ ಸಿನಿಮಾ ನೋಡಿದವರಿಗೆ ಟೋಪಿ, ಪಿಸ್ತೂಲು ನೆನಪಿರುತ್ತವೆ. ಕುದುರೆಯ ಮೇಲಿನ ಜೀನನ್ನು ಯಾರೂ ಗಮನಿಸಿರುವುದಿಲ್ಲ. ಅಮೆರಿಕದ ದನಗಾಹಿ ಪಿಸ್ತೂಲಿಲ್ಲದೆ ಬದುಕಿಯಾನು, ಜೀನಿಲ್ಲದಿದ್ದರೆ ಅವನಿಗೆ ಕೆಲಸವೇ ಇಲ್ಲ. ಅದರ ಮುಂಭಾಗದಲ್ಲಿ ಗಿಡ್ಡಗೆ ಎದ್ದು ನಿಂತಿರುವ ಹಾರ್ನ್, ಸವಾರ ಬೀಳದಂತೆ ಹಿಡಿದುಕೊಳ್ಳಲು ಇರುವುದೆಂದು ಪ್ರವಾಸಿಗರು ತಿಳಿಯುತ್ತಾರೆ. ನಿಜಕ್ಕೂ ಅದು ದನ ಕಟ್ಟುವ ಗೂಟ. ಕುದುರೆಯೊಂದಿಗೆ ಓಡುವ ಗೂಟ.

ಬಯಲಲ್ಲಿ ಮೇಯುವ ಹಿಂಡಿನಲ್ಲಿ ಯಾವುದೋ ಒಂದಕ್ಕೆ ಕಾಯಿಲೆ, ಔಷಧ ಕೊಡಬೇಕು. ಸವಾರ ಬೆನ್ನಟ್ಟಿ ಕುಣಿಕೆ ಎಸೆಯುತ್ತಾನೆ. ಕೊರಳಿಗೆ ಬಿತ್ತೋ, ಹಗ್ಗದ ಈಚೆಯ ಭಾಗವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹಾರ್ನಿಗೆ ಎರಡು ಮೂರು ಸುತ್ತು ಸುತ್ತಬೇಕು. ಆಮೇಲೆ ಹೋರಿ ಜಗ್ಗಿದ್ದೆಲ್ಲ ಜೀನಿನ ಪಾಲು, ಕುದುರೆಯ ಪಾಲು. ಆ ಸುತ್ತಿನೊಳಗೆ ಹೆಬ್ಬೆರಳು ಸಿಕ್ಕಿಕೊಂಡರೆ ತುಂಡಾಗಿಯೇ ಹೋಗುವುದುಂಟು. ಟೆಕ್ಸಾಸಿನವರು ಹಗ್ಗವನ್ನು ಮೊದಲೇ ಹಾರ್ನಿಗೆ ಬಿಗಿದಿಟ್ಟಿರುತ್ತಾರೆ. ಬೆರಳೇನೋ ಉಳಿಯುತ್ತದೆ, ಎಡವಟ್ಟಾದರೆ ಹಗ್ಗ ಬಿಟ್ಟು ಪಾರಾಗುವ ದಾರಿಯಿಲ್ಲ. ಈ ವಿದ್ಯೆಯ ಬೇರು ಮೆಕ್ಸಿಕೊದ ದನಗಾಹಿಗಳಾದ ವಕೇರೊಗಳದು. ಹೆಸರು ಮಾತ್ರ ಹಾಲಿವುಡ್ ನಾಯಕರಿಗೆ ಹೋಯಿತು.

ಇಷ್ಟು ಎಳೆತ ತಡೆಯುವ ಗುಟ್ಟು ಒಳಗಿನ ಮರದ ಚೌಕಟ್ಟಿನಲ್ಲಿದೆ. ಅದಕ್ಕೆ ಹಸಿ ತೊಗಲು ಹೊದಿಸಿ ಹೊಲಿಯುತ್ತಾರೆ. ಒಣಗುತ್ತ ತೊಗಲು ಮರವನ್ನು ಕಚ್ಚಿ ಹಿಡಿಯುತ್ತದೆ. ಮೇಲೆ ದಪ್ಪ ಚರ್ಮ, ಅಡಿಯಲ್ಲಿ ಉಣ್ಣೆ ಸಮೇತ ಕುರಿಚರ್ಮ. ಹೋರಿ ಎಳೆದಾಗ ಜೀನಿನ ಹಿಂಬದಿ ಮೇಲೇಳದಂತೆ ಹಿಂದೆ ಇನ್ನೊಂದು ಹೊಟ್ಟೆಪಟ್ಟಿ. ಒಟ್ಟು ತೂಕ 15–20 ಕಿಲೋ. ಹೊಸ ಜೀನಿನ ರಿಕಾಪು ಕಾಲಿಗೆ ಹೊಂದದಿದ್ದರೆ ಅದರ ಚರ್ಮವನ್ನು ನೆನೆಸಿ, ಎರಡೂ ರಿಕಾಪುಗಳಲ್ಲಿ ಪೊರಕೆಯ ಕೋಲು ತೂರಿಸಿ ರಾತ್ರಿಯೆಲ್ಲ ಬಿಡುತ್ತಾರೆ.

ಇಂಥ ಒರಟು ಸಲಕರಣೆಯ ಮೇಲೆ ಹೂ ಅರಳಿಸಿದವರು ವಯೋಮಿಂಗ್ ರಾಜ್ಯದ ಶೆರಿಡನ್ ಊರಿನ ಡಾನ್ ಕಿಂಗ್ (1923–2007). ನೆನೆಸಿದ ಚರ್ಮದ ಮೇಲೆ ತಿರುಗುವ ಚಾಕುವಿನಿಂದ ಗೆರೆ ಕೊರೆದು, ಅಚ್ಚಿಟ್ಟು ತಟ್ಟಿ, ಕಾಡುಗುಲಾಬಿಯ ಪುಟ್ಟ ಹೂಗಳನ್ನು ದುಂಡು ಬಳ್ಳಿಗಳ ನಡುವೆ ಒತ್ತೊತ್ತಾಗಿ ಕೂರಿಸಿದರು. ಚರ್ಮ ಹೆಚ್ಚು ಒದ್ದೆಯಿದ್ದರೆ ಗೆರೆ ನಿಲ್ಲದು, ಒಣಗಿದರೆ ಅಚ್ಚು ಮೂಡದು. ಹದ ಕೈಗೇ ಗೊತ್ತಾಗಬೇಕು. ಆ ಶೈಲಿಗೆ ಈಗ ಶೆರಿಡನ್‌ ಊರಿನದೇ ಹೆಸರು. 1991ರಲ್ಲಿ ಅವರಿಗೆ ಅಮೆರಿಕದ ನ್ಯಾಷನಲ್ ಹೆರಿಟೇಜ್ ಫೆಲೊಶಿಪ್ ಸಿಕ್ಕಿತು. ದಿನವಿಡೀ ಹಗ್ಗ ಉಜ್ಜುವ, ಬೆವರು ಕುಡಿಯುವ ವಸ್ತುವಿಗೆ ಇಷ್ಟೊಂದು ಕುಸುರಿ ಯಾಕೆ ಅನ್ನಿಸಬಹುದು. ಬಡ ದನಗಾಹಿಗೆ ಅದೊಂದೇ ಆಸ್ತಿಯಾಗಿತ್ತು, ಅದಕ್ಕೇ ಎಂದು ನನ್ನ ಊಹೆ.

ಈಗ ದನ ಅಟ್ಟಲು ನಾಲ್ಕು ಚಕ್ರದ ಮೋಟಾರುಗಳು ಬಂದಿವೆ. ಕಾರ್ಖಾನೆಯ ಜೀನು ಅಗ್ಗ. ಕೈಯಲ್ಲಿ ಕಟ್ಟಿದ್ದಕ್ಕೆ ಸಾವಿರಾರು ಡಾಲರ್ ತೆತ್ತು, ತಿಂಗಳುಗಟ್ಟಲೆ ಕಾಯಬೇಕು. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮವರು ಮೌಂಟ್ ರಶ್‌ಮೋರ್ ನೋಡಿ ಯೆಲ್ಲೊಸ್ಟೋನ್ ಕಡೆಗೆ ಕಾರಿನಲ್ಲಿ ಹೊರಟರೆ ಶೆರಿಡನ್ ದಾರಿಯಲ್ಲೇ ಸಿಗುತ್ತದೆ. ಡಾನ್ ಕಿಂಗ್ ಅವರ ಜೀನಿನಂಗಡಿ ಕಿಂಗ್ಸ್ ಸ್ಯಾಡ್ಲರಿಗೆ ಬಂದವರಲ್ಲಿ ಅನೇಕರು ಅಲ್ಲಿನ ಹೆಸರಾದ ಟೋಪಿ ಕೊಂಡು ಹೊರಟುಬಿಡುತ್ತಾರೆ. ನೀವು ಅಂಗಡಿಯ ಹಿಂದಿರುವ ಮ್ಯೂಸಿಯಂಗೂ ಒಂದು ಗಂಟೆ ಇಟ್ಟುಕೊಂಡು ಹೋಗಿ.