ಪುರುಷ ಬಂಜೆತನ: ಬೇರು ಅರೆಯುವ ಮುನ್ನ ಕಾರಣ ಅರಿಯಿರಿ

ಲೈಂಗಿಕ ಸಮಸ್ಯೆ ಗುಣಪಡಿಸುವುದಾಗಿ ರಸ್ತೆ ಬದಿಯ ಟೆಂಟ್‌ನಲ್ಲಿದ್ದವರು ನಂಬಿಸಿ ಸುಮಾರು 48 ಲಕ್ಷ ರೂಪಾಯಿ ಪಡೆದಿದ್ದಾರೆ, ಅವರು ಸೂಚಿಸಿದ ಔಷಧಿ ಸೇವನೆಯಿಂದ ಮೂತ್ರಪಿಂಡಕ್ಕೆ ಹಾನಿಯಾಗಿದೆ ಎಂದು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು 2025ರ ನವೆಂಬರ್‌ನಲ್ಲಿ ಪೊಲೀಸರಿಗೆ ದೂರು ನೀಡಿದ್ದರು. ವಿದ್ಯಾವಂತರೂ ಇಂತಹವರ ಬಳಿ ಹೋಗುವುದಕ್ಕೆ ಅಜ್ಞಾನಕ್ಕಿಂತ ಸಂಕೋಚವೇ ದೊಡ್ಡ ಕಾರಣ.

ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗದಿದ್ದರೆ ಮನೆಮಂದಿಯ ದೃಷ್ಟಿ ಮೊದಲು ಹೊರಳುವುದು ಸೊಸೆಯತ್ತ. ಹರಕೆ, ತಪಾಸಣೆ, ಔಷಧಿ ಎಲ್ಲವೂ ಆಕೆಗೇ. ಆದರೆ ಸಂತಾನಹೀನತೆಯ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ದೋಷವೂ ಪೂರ್ಣವಾಗಿ ಇಲ್ಲವೇ ಭಾಗಶಃ ಕಾರಣವಾಗಿರುತ್ತದೆ.

ಎರಡೂ ಒಂದೇ ಅಲ್ಲ

ಲೈಂಗಿಕ ದೌರ್ಬಲ್ಯ ಹಾಗೂ ಬಂಜೆತನ ಬೇರೆ ಬೇರೆ. ದಾಂಪತ್ಯ ಸುಖದಲ್ಲಿ ಯಾವ ಕೊರತೆಯೂ ಇಲ್ಲದ ಪುರುಷನ ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲದಿರಬಹುದು. ನಿಮಿರು ದೌರ್ಬಲ್ಯವುಳ್ಳವನ ವೀರ್ಯಾಣುಗಳು ಆರೋಗ್ಯವಾಗಿರಬಹುದು. ಎರಡಕ್ಕೂ ಒಂದೇ ಪುಡಿ ಕೊಡುವವರ ಬಗ್ಗೆ ಎಚ್ಚರ ಅಗತ್ಯ.

ಮೂಲಿಕೆಗಳ ಬಲವೆಷ್ಟು?

ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದು. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ ಎರಡನೇ ಅಧ್ಯಾಯ ಇದಕ್ಕೇ ಮೀಸಲು. ದೇಹಶೋಧನೆಯ ನಂತರವೇ ಈ ಔಷಧಿ ಸೇವಿಸಬೇಕೆಂಬುದು ಅಲ್ಲಿನ ನಿಯಮ. ಅಶ್ವಗಂಧದ ಬೇರು, ಮುಟ್ಟಿದರೆ ತುರಿಕೆ ತರುವ ನಸುಗುನ್ನಿಯ ಬೀಜ, ನೆಗ್ಗಿಲು, ಶತಾವರಿ ಇವು ವಾಜೀಕರಣದಲ್ಲಿ ಬಳಕೆಯಾಗುವ ಪ್ರಮುಖ ಮೂಲಿಕೆಗಳು.

ಇವುಗಳಲ್ಲಿ ಕೆಲವನ್ನು ಆಧುನಿಕ ವಿಧಾನದಲ್ಲಿಯೂ ಪರೀಕ್ಷಿಸಲಾಗಿದೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವೀರ್ಯಾಣು ಕೊರತೆಯಿದ್ದ 46 ಪುರುಷರ ಪೈಕಿ 21 ಮಂದಿಗೆ ದಿನಕ್ಕೆ 675 ಮಿಲಿಗ್ರಾಂ ಅಶ್ವಗಂಧ ಸಾರವನ್ನು 90 ದಿನ ನೀಡಲಾಯಿತು. ಅವರ ವೀರ್ಯಾಣು ಸಾಂದ್ರತೆ ಶೇ. 167ರಷ್ಟು ಹೆಚ್ಚಿತು. ಲಖನೌದ ಸಂಶೋಧಕರು 75 ಮಂದಿ ಬಂಜೆ ಪುರುಷರಿಗೆ ದಿನಕ್ಕೆ 5 ಗ್ರಾಂ ನಸುಗುನ್ನಿ ಬೀಜದ ಪುಡಿಯನ್ನು ಮೂರು ತಿಂಗಳು ನೀಡಿದಾಗಲೂ ಸುಧಾರಣೆ ಕಂಡುಬಂದಿತ್ತು. ಆದರೆ ಇವು ಚಿಕ್ಕ ಅಧ್ಯಯನಗಳು. ವೀರ್ಯಾಣು ಹೆಚ್ಚಿದ್ದನ್ನು ಇವು ತೋರಿಸಿದವೇ ಹೊರತು, ಮಗು ಜನಿಸುವ ಸಾಧ್ಯತೆ ಎಷ್ಟು ಹೆಚ್ಚುತ್ತದೆ ಎಂಬುದನ್ನಲ್ಲ.

ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕು. ಆದ್ದರಿಂದ ಯಾವ ಚಿಕಿತ್ಸೆಯ ಫಲವೂ ಮೂರು ತಿಂಗಳಿಗೆ ಮೊದಲು ತಿಳಿಯದು. ವಾರದಲ್ಲಿ ವೀರ್ಯಾಣು ಹೆಚ್ಚಿಸುವುದಾಗಿ ಹೇಳುವ ಮಾತು ಸುಳ್ಳು.

ವೀರ್ಯನಾಳ ಮುಚ್ಚಿದ್ದರೆ ಅಥವಾ ವಂಶವಾಹಿಯ ದೋಷವಿದ್ದರೆ ಮೂಲಿಕೆಯಿಂದ ಅದು ಸರಿಯಾಗದು. ವೃಷಣದ ರಕ್ತನಾಳಗಳು ಊದಿಕೊಳ್ಳುವ ವೆರಿಕೋಸೀಲ್‌ಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಕಾರಣ ತಿಳಿಯದೆ ಪುಡಿ ತಿನ್ನುತ್ತ ವರ್ಷಗಳನ್ನು ಕಳೆದರೆ ಪತ್ನಿಯ ವಯಸ್ಸು ಏರಿ ಗರ್ಭಧಾರಣೆಯ ಸಾಧ್ಯತೆಯೇ ಕುಗ್ಗುತ್ತದೆ.

ಅಪಾಯಗಳು

ಗಿಡಮೂಲಿಕೆ ಎಂಬ ಮಾತ್ರಕ್ಕೆ ನಿರಪಾಯಕಾರಿ ಎನ್ನಲಾಗದು. ಅಶ್ವಗಂಧ ಸೇವನೆಯಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ. ಥೈರಾಯ್ಡ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅದನ್ನು ಸೇವಿಸಬಾರದು. "ಶುದ್ಧ ಮೂಲಿಕೆ" ಎಂದು ಮಾರುವ ಕಾಮೋತ್ತೇಜಕಗಳಲ್ಲಿ ಸಿಲ್ಡೆನಾಫಿಲ್ ಬೆರೆಸಿದ್ದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹಲವು ಬಾರಿ ಪತ್ತೆ ಹಚ್ಚಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ಸೇವಿಸುವವರಿಗೆ ಇದರಿಂದ ರಕ್ತದೊತ್ತಡ ಕುಸಿದು ಪ್ರಾಣಾಪಾಯವಾಗಬಹುದು. ನಿಮಿರು ದೌರ್ಬಲ್ಯ ಸ್ವತಃ ಮಧುಮೇಹ, ಹೃದ್ರೋಗಗಳ ಮುನ್ಸೂಚನೆಯೂ ಆಗಿರಬಹುದು.

ಲೈಂಗಿಕ ಸಾಮರ್ಥ್ಯ ಹೆಚ್ಚಿಸುವುದಾಗಿ ಔಷಧಿಯ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆಯ 3ನೇ ಕಲಮು ನಿಷೇಧಿಸುತ್ತದೆ. ಹೀಗಿದ್ದರೂ ಬಸ್ ನಿಲ್ದಾಣದ ಗೋಡೆಗಳಿಂದ ಮೊಬೈಲ್ ಪರದೆಯವರೆಗೆ ಅವು ರಾರಾಜಿಸುತ್ತಿವೆ.

ಏನು ಮಾಡಬೇಕು?

ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ, ಪತ್ನಿಗೆ 35 ದಾಟಿದ್ದಲ್ಲಿ ಆರು ತಿಂಗಳಿಗೇ, ದಂಪತಿ ಇಬ್ಬರೂ ತಪಾಸಣೆಗೆ ಒಳಗಾಗಬೇಕು. ಪುರುಷನಿಗೆ ಮೊದಲ ಹೆಜ್ಜೆ ವೀರ್ಯ ಪರೀಕ್ಷೆ. ಇದಕ್ಕೆ 2ರಿಂದ 7 ದಿನಗಳ ಸಂಯಮ ಸಾಕು, ನೋವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಪ್ರತಿ ಮಿಲಿಲೀಟರ್‌ಗೆ 1.6 ಕೋಟಿ ವೀರ್ಯಾಣು, ಶೇ. 42ರಷ್ಟು ಚಲನೆ ಕೆಳಮಿತಿಯ ಅಳತೆ. ಒಮ್ಮೆ ಕಡಿಮೆ ಬಂದರೆ ಎದೆಗುಂದಬೇಕಿಲ್ಲ. ಜ್ವರ ಬಂದು ಹೋಗಿದ್ದರೂ ಸಂಖ್ಯೆ ಇಳಿಯುತ್ತದೆ. ಕೆಲ ವಾರಗಳ ಬಳಿಕ ಮತ್ತೊಮ್ಮೆ ಪರೀಕ್ಷಿಸುವುದು ವಾಡಿಕೆ.

ತಂಬಾಕು, ಅತಿಯಾದ ಮದ್ಯ ಬಿಡುವುದು, ತೂಕ ಇಳಿಸುವುದು ಯಾವ ಪದ್ಧತಿಯಲ್ಲಾದರೂ ಒಪ್ಪಿತವಾದ ಸಲಹೆ. ಶಕ್ತಿಗಾಗಿ ಟೆಸ್ಟೋಸ್ಟೆರಾನ್ ಚುಚ್ಚುಮದ್ದು ಪಡೆಯುವುದು ಸಲ್ಲದು. ಅದು ವೀರ್ಯಾಣು ಉತ್ಪತ್ತಿಯನ್ನೇ ತಡೆಯುತ್ತದೆ. ಮೂಲಿಕೆಯನ್ನೇ ನಂಬುವವರು ಪರೀಕ್ಷೆಯ ವರದಿಯೊಂದಿಗೆ ನೋಂದಾಯಿತ ಆಯುರ್ವೇದ ವೈದ್ಯರನ್ನು ಕಾಣಲಿ. ಸೇವಿಸುತ್ತಿರುವ ಇತರ ಮಾತ್ರೆಗಳನ್ನು ಅವರಿಗೆ ತಿಳಿಸಲಿ. ಮೂರು ತಿಂಗಳ ಬಳಿಕ ಮರುಪರೀಕ್ಷೆ ಮಾಡಿಸಲಿ. ಆಗಲೂ ಸಂಖ್ಯೆ ಏರದಿದ್ದರೆ ಅದೇ ಔಷಧಿಯನ್ನು ಮುಂದುವರಿಸುತ್ತ ಕಾಲ ಕಳೆಯದೆ ಬಂಜೆತನ ತಜ್ಞರನ್ನು ಸಂಪರ್ಕಿಸುವುದು ಸೂಕ್ತ.