ತಕ್ಕಡಿಯಲ್ಲಿ ಎಷ್ಟು ಸೌದೆ, ಎಷ್ಟು ನೀರು?

ಭಾನುವಾರದ ನಸುಕಿಗೇ ಬೆಂಗಳೂರಿನಿಂದ ಹೊಸಕೋಟೆಗೆ ಬಿರಿಯಾನಿಗಾಗಿ ಧಾವಿಸುವ ನಗರವಾಸಿಗಳು ಹಂಡೆಯೊಳಗೆ ಏನಿದೆ ಎಂಬುದನ್ನು ಚೆನ್ನಾಗಿ ಬಲ್ಲರು. ಹಂಡೆಯ ಕೆಳಗೆ ಉರಿಯುತ್ತಿರುವುದು ಏನು ಎಂದು ವಿಚಾರಿಸುವವರು ವಿರಳ. ಸೌದೆಯ ಉರಿಯಲ್ಲಿ ಬೇಯಿಸಿ, ಮುಚ್ಚಳದ ಮೇಲೆ ಕೆಂಡ ಹರಡಿ ದಮ್ ಕಟ್ಟುವ ಈ ಅಡುಗೆಯಲ್ಲಿ ಬಾಣಸಿಗನ ಹೊಣೆಯಲ್ಲಿ ಒಂದು ಪಾಲು ಸೌದೆ ಸೀಳಿದವನಿಗೂ ಸಲ್ಲಬೇಕು. ಸೌದೆ ಹಸಿಯಾಗಿದ್ದರೆ ಎಂತಹ ಬಾಣಸಿಗನೂ ಅಸಹಾಯಕನೇ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಸೌದೆ ಎಂದರೆ ಬಹುಮಟ್ಟಿಗೆ ನೀಲಗಿರಿ. ದೇವನಹಳ್ಳಿಗೆ ಹೊಂದಿಕೊಂಡಂತಿರುವ ನಂದಿ ಬೆಟ್ಟದಲ್ಲಿ ಬೆಳೆದು ಬಂದ ಮಿಶ್ರತಳಿಯೇ ಮುಂದೆ ‘ಮೈಸೂರು ಗಮ್’ ಎಂಬ ಹೆಸರಿನಲ್ಲಿ ದೇಶದ ಹಲವೆಡೆ ಹರಡಿತು. ಎಪ್ಪತ್ತು–ಎಂಬತ್ತರ ದಶಕಗಳಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿ ಹೊಲಗಳಿಗೂ ನೀಲಗಿರಿ ಇಳಿಯಿತು. ಅಂದಿನಿಂದ ಇಲ್ಲಿ ಮರ ಕಡಿಯುವುದು ಒಂದು ಕಸುಬಾಗಿಯೇ ಬೆಳೆದಿದೆ. ಈ ಸೌದೆ ಸಾಮಾನ್ಯವಾಗಿ ಟನ್ ಲೆಕ್ಕದಲ್ಲಿ ಮಾರಾಟವಾಗುತ್ತದೆ. ತೊಡಕಿರುವುದೂ ಅಲ್ಲಿಯೇ.

ಆಗತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. 100 ಕಿಲೋ ಹಸಿ ಸೌದೆ ಕೊಂಡವರು 50 ಕಿಲೋ ನೀರಿಗೂ ಹಣ ತೆತ್ತಿರುತ್ತಾರೆ. ಅದೇ ಸೌದೆ ಗಾಳಿಗೆ ಒಣಗಿ ತೇವಾಂಶ ಶೇ 20ಕ್ಕೆ ಇಳಿದಾಗ ತಕ್ಕಡಿ ತೋರಿಸುವುದು ಸುಮಾರು 62 ಕಿಲೋ ಮಾತ್ರ. ಉಳಿದ 38 ಕಿಲೋ ಯಾರ ಲೆಕ್ಕಕ್ಕೆ? ಒಣಗಿಸಿ ಮಾರಿದರೆ ಮಾರಾಟಗಾರನಿಗೆ ನಷ್ಟ, ಹಸಿಯಾಗಿಯೇ ಕೊಂಡರೆ ಉರಿಸುವವನಿಗೆ ನಷ್ಟ. ಕಡಿಯುವ ಕೂಲಿಯೂ ಟನ್ನಿಗಿಷ್ಟು ಎಂದಿರುವಲ್ಲಿ, ಮರ ಒಣಗಲಿ ಎಂದು ಕಾಯುವ ತಾಳ್ಮೆಯನ್ನು ಕಾರ್ಮಿಕನಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ಹಸಿ ಸೌದೆಯ ನೀರನ್ನು ಆವಿ ಮಾಡಲು ಅದರದೇ ಶಾಖದ ಸುಮಾರು ಏಳರಲ್ಲಿ ಒಂದು ಪಾಲು ವ್ಯಯವಾಗುತ್ತದೆ. ಇದಕ್ಕಿಂತ ದೊಡ್ಡ ಹಾನಿ ಬೇರೆ. ಒಲೆ ತಣ್ಣಗಾಗುವುದರಿಂದ ಸೌದೆಯಿಂದ ಹೊರಡುವ ಅನಿಲ ಪೂರ್ಣವಾಗಿ ಉರಿಯದೆ ಹೊಗೆಯಾಗುತ್ತದೆ. ಮನೆಯೊಳಗಿನ ಒಲೆಗಳ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ 32 ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೊಗೆ ತಗ್ಗಿಸಲೆಂದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ‘ಅಸ್ತ್ರ’ ಒಲೆ ಕರ್ನಾಟಕದ ಹಳ್ಳಿಗಳಿಗೆ ಪರಿಚಿತ. ಆದರೆ ಹಸಿ ಕೊರಡು ತುರುಕಿದರೆ ಎಂತಹ ಒಲೆಯೂ ಹೊಗೆಯುಗುಳುತ್ತದೆ.

ಹಾಗಾದರೆ ಸೌದೆ ಒಣಗಿದೆಯೆಂದು ತಿಳಿಯುವುದು ಹೇಗೆ? ಅನುಭವಿಗಳು ಎರಡು ಸೀಳುಗಳನ್ನು ಒಂದಕ್ಕೊಂದು ಬಡಿದು ನೋಡುತ್ತಾರೆ. ಒಣಗಿದ್ದರೆ ಠಣ್ಣೆನ್ನುತ್ತದೆ, ಹಸಿಯಿದ್ದರೆ ದಬ್ಬೆನ್ನುತ್ತದೆ. ಒಣಗಿದ ತುಂಡಿನ ತುದಿಯಲ್ಲಿ ನಡುವಿನಿಂದ ಅಂಚಿಗೆ ಬಿರುಕು ಮೂಡಿರುತ್ತದೆ, ತೊಗಟೆ ಸಡಿಲವಾಗಿರುತ್ತದೆ. ಒಲೆಗಿಟ್ಟ ಕೊರಡಿನ ಹಿಂತುದಿಯಲ್ಲಿ ನೊರೆ ಬಂದು ಸುಂಯ್‌ಗುಟ್ಟಿದರೆ ಬೇರೆ ಸಾಕ್ಷಿ ಬೇಕಿಲ್ಲ.

ಮರ ಕಡಿಯುವವರ ನಡುವೆ ತಮಾಷೆಗೆ ಬರವಿಲ್ಲ. ಹೊಸಬನ ಕೊಡಲಿ ಗಂಟಿಗೆ ಬಿದ್ದು ಕಚ್ಚಿಕೊಂಡರೆ ಹಳಬರು ಬಿಡಿಸಲು ಓಡಿಬರುವುದಿಲ್ಲ, ಮೊದಲು ನಗುತ್ತಾರೆ. ನೀಲಗಿರಿಯ ಎಳೆಗಳು ತಿರುಚಿಕೊಂಡಿರುತ್ತವೆ. ಹಸಿಯಿದ್ದಾಗಲೇ ಸೀಳಬೇಕು. ಒಣಗಿದ ಮೇಲೆ ಕಬ್ಬಿಣದ ಬೆಣೆಯೂ ಸೋಲುತ್ತದೆ. ದಪ್ಪ ತುಂಡಿನ ನಟ್ಟನಡುವೆ ಹೊಡೆಯದೆ ಅಂಚಿನಿಂದ ಸೀಳುತ್ತಾ ಬರುವುದು ಕ್ರಮ. ಮರದೊಳಗಿನ ನೀರು ಎಳೆಯ ಉದ್ದಕ್ಕೆ ಬೇಗ ಹರಿಯುತ್ತದೆ, ಅಡ್ಡಕ್ಕೆ ನಿಧಾನ. ತೊಗಟೆಯಂತೂ ತಡೆಗೋಡೆಯೇ ಸರಿ. ಆದ್ದರಿಂದ ತುಂಡು ಗಿಡ್ಡವಾಗಿ, ಸೀಳಾಗಿ ಇದ್ದಷ್ಟೂ ಬೇಗ ಒಣಗುತ್ತದೆ. ಒಟ್ಟುವಾಗ ಕೆಳಗೆ ಎರಡು ಕೊರಡು ಹಾಸಿ ನೆಲದಿಂದ ಎತ್ತರಿಸಬೇಕು, ಮೇಲೆ ಹೊದಿಸಬೇಕು, ಪಕ್ಕಗಳನ್ನು ಗಾಳಿಗೆ ಬಿಡಬೇಕು. ಟಾರ್ಪಾಲಿನಲ್ಲಿ ಇಡೀ ಒಟ್ಟಲನ್ನು ಸುತ್ತಿಡುವುದು ಸೌದೆಯನ್ನು ಬೆವರಿಸಿದಂತೆ.

‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಎಂಬ ಗಾದೆಯನ್ನು ನಾವು ಶಾಲೆಯಲ್ಲಿ ದ್ರೋಹದ ಅರ್ಥದಲ್ಲಿ ಕಲಿತೆವು. ಕೊಡಲಿ ಹಿಡಿದವನಿಗೆ ಸಡಿಲವಾದ ಕಾವು ಅಕ್ಷರಶಃ ಮೃತ್ಯು. ಕಾವನ್ನು ನೀರಿನಲ್ಲಿ ನೆನೆಸಿದರೆ ಊದಿ ಬಿಗಿಯಾಗುತ್ತದೆ ನಿಜ. ಆದರೆ ಒಣಗಿದಾಗ ಮೊದಲಿಗಿಂತಲೂ ಸಡಿಲ. ಬೆಣೆ ಹೊಡೆಯುವುದೇ ಸರಿಯಾದ ದಾರಿ. ಇದಕ್ಕಿಂತ ಅಪಾಯಕಾರಿ ಎಂದರೆ ಬೀಳುವಾಗ ಪಕ್ಕದ ಮರಕ್ಕೆ ಒರಗಿ ನಿಂತ ಮರ. ಅದರ ಕೆಳಗೆ ಹೋಗಿ ಬುಡ ಕಡಿಯುವ ದುಡುಕಿಗೆ ಮಾತ್ರ ಅನುಭವಿಗಳು ನಗುವುದಿಲ್ಲ.

ಉರಿಸುವವರ ತಿಳಿವಳಿಕೆ ಇನ್ನೊಂದು ಬಗೆಯದು. ಸಣ್ಣ ಸೀಳಿನ ನೀಲಗಿರಿ ಜ್ವಾಲೆಗೆ ಒಳ್ಳೆಯದು. ನಿಲ್ಲುವ ಕೆಂಡ ಬೇಕೆಂದರೆ ಹುಣಸೆ, ಜಾಲಿಯಂತಹ ಭಾರವಾದ ಮರ ಬೇಕು. ನುಗ್ಗೆ ಭರ್ರೆಂದು ಉರಿದು ಬೂದಿಯಾಗುತ್ತದೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದಂತಹ ರೇಷ್ಮೆಯ ಊರುಗಳಲ್ಲಿ ಸೌದೆಯ ಒಲೆ ನೆಚ್ಚಿದ ನೂಲು ಬಿಚ್ಚುವವರಿಗೆ ಉರಿ ಏರಿಳಿಯುವಂತಿಲ್ಲ. ಗೂಡು ಬೇಯಿಸುವ ನೀರಿನ ಬಿಸಿ ತಪ್ಪಿದರೆ ಎಳೆ ಸರಾಗವಾಗಿ ಬಿಚ್ಚಿಕೊಳ್ಳದೆ ತುಂಡಾಗುತ್ತದೆ. ಹಸಿ ಸೌದೆಯ ಬೆಲೆಯನ್ನು ಅವರು ನೂಲಿನಲ್ಲಿ ತೆರುತ್ತಾರೆ.

ಅಂತರ್ಜಲ ಪಾತಾಳ ಕಂಡ ಮೇಲೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹಿಂದೆ ಕಡಿದ ಬುಡ ಮತ್ತೆ ಚಿಗುರಲಿ ಎಂದು ನೆಲಕ್ಕೆ ಹತ್ತಿರ, ನೀರು ನಿಲ್ಲದಂತೆ ಓರೆಯಾಗಿ, ತೊಗಟೆ ಸುಲಿಯದಂತೆ ಕೊಯ್ಯುವುದೇ ಒಂದು ಜಾಣ್ಮೆಯಾಗಿತ್ತು. ತೋಪು ತೆಗೆಸುವ ರೈತನಿಗೆ ಈಗ ಅದು ಬೇಡ. ಜೆಸಿಬಿ ಬುಡಸಮೇತ ಕಿತ್ತು ಹಾಕುತ್ತದೆ. ಹಾಗೆ ಕಿತ್ತ, ಮಣ್ಣು ಮೆತ್ತಿದ ಬೊಡ್ಡೆಗಳು ಎಷ್ಟು ತಿರುಚಿಕೊಂಡಿರುತ್ತವೆ ಎಂದರೆ ಕೊಡಲಿ ಅವುಗಳ ತಂಟೆಗೆ ಹೋಗುವುದಿಲ್ಲ. ಅವು ಇಡಿಯಾಗಿಯೇ ಇಟ್ಟಿಗೆ ಗೂಡಿನಂತಹ ದೊಡ್ಡ ಬೆಂಕಿಗೆ ಹೋಗಬೇಕು.